ಹೊಸ ಮನೆಯ ಹಾಲ್‌ಗೆ ಟಿವಿ, ಸ್ಪೀಕರ್: ಇಲ್ಲಿಯವರೆಗೆ ಆಗಿರುವ ಕೆಲಸ

ಧಾರವಾಡದ ಮನೆ ಈಗ ಪುಟ್ಟಿ ಹಂತಕ್ಕೆ ಬಂದಿದೆ. ಟೈಲ್ಸ್ ಮುಗಿದಿದೆ. ಬಡಿಗೇರರು ಅಡುಗೆಮನೆ ಕೆಲಸದಲ್ಲಿದ್ದಾರೆ, ಅದಾದ ಮೇಲೆ ಹಾಲ್‌ನ ಟಿವಿ ಯುನಿಟ್ ಶುರು. ಟಿವಿ, ಆಂಪ್ಲಿಫೈಯರ್, ಸ್ಪೀಕರ್ ಯಾವುದನ್ನೂ ಇನ್ನೂ ಕೊಂಡಿಲ್ಲ. ಆದರೆ ಅವು ಎಲ್ಲಿ ಕೂರುತ್ತವೆ, ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವುದೆಲ್ಲ ಆಗಲೇ ಗೋಡೆಯೊಳಗೆ ಸೇರಿಹೋಗಿದೆ. ಹೊಸ ಮನೆ ಕಟ್ಟುವವರಿಗೆ ನಾನು ಒತ್ತಿ ಹೇಳುವುದು ಇದನ್ನೇ. ಸಾಮಾನು ಆಮೇಲೆ ಬರಲಿ, ಪೈಪು ಮತ್ತು ಜಾಗ ಮೊದಲು ನಿಶ್ಚಯವಾಗಲಿ. ಟಿವಿ ಕೆಲವು ವರ್ಷಕ್ಕೆ ಬದಲಾಗುತ್ತದೆ, ಟೈಲ್ಸ್ ಕಿತ್ತು ಗೋಡೆ ಒಡೆಯಲು ಯಾರಿಗೂ ಮನಸ್ಸು ಬರುವುದಿಲ್ಲ.

ನಮ್ಮ ಮನೆಯಲ್ಲಿ ಸಿನಿಮಾಗಿಂತ ಹಾಡು ಜಾಸ್ತಿ. ಅಪ್ಪನಿಗೆ ಬೆಳಗ್ಗೆ ಮಲ್ಲಿಕಾರ್ಜುನ ಮನಸೂರರು ಬೇಕು, ಸಂಜೆಗೆ ಗಂಗೂಬಾಯಿ ಹಾನಗಲ್ ಇಲ್ಲವೇ ಬಸವರಾಜ ರಾಜಗುರು. ಅವ್ವನಿಗೆ ಧಾರಾವಾಹಿ, ತಮ್ಮನಿಗೆ ಕ್ರಿಕೆಟ್, ನನಗೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದು ಸಿನಿಮಾ. ಹಾಗಾಗಿ ದುಡ್ಡಿನ ದೊಡ್ಡ ಪಾಲು ಮುಂದಿನ ಎರಡು ಸ್ಪೀಕರ್‌ಗೆ ಹೋಗಲಿ ಅಂತ ನಿರ್ಧಾರ ಮಾಡಿದೆವು. ಹಳೆಯ ಹಿಂದೂಸ್ತಾನಿ ಧ್ವನಿಮುದ್ರಣಗಳಲ್ಲಿ ಬಹಳಷ್ಟು ಮೋನೋ, ಉಳಿದವು ಎರಡು ಚಾನೆಲ್. ಸುತ್ತ ಐದು ಸ್ಪೀಕರ್ ಇಟ್ಟರೂ ಆ ಹಾಡಿಗೆ ಏನೂ ಸೇರುವುದಿಲ್ಲ. ಕಪ್ಪು ಒಂದರ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ) ಶ್ರುತಿಯಲ್ಲಿ ಗಂಡು ದನಿಯ ತಂಬೂರಿಯ ಖರ್ಜದ, ಅಂದರೆ ಎಲ್ಲಕ್ಕಿಂತ ತಗ್ಗಿನ ತಂತಿ ಸುಮಾರು 69 ಹರ್ಟ್ಸ್‌ಗೆ ಬರುತ್ತದೆ. 60 ಹರ್ಟ್ಸ್‌ವರೆಗೆ ಸರಿಯಾಗಿ ಇಳಿಯುವ ಬುಕ್‌ಶೆಲ್ಫ್ ಸ್ಪೀಕರ್ ಇದ್ದರೆ ಗವಾಯಿಗಳ ಸಂಗೀತಕ್ಕೆ ಸಾಕು. ಸಿನಿಮಾದ ಗುಡುಗು ಸ್ಫೋಟಕ್ಕೆ ತೀರ ತಗ್ಗಿನ ಸದ್ದಿಗೆಂದೇ ಇರುವ ಸಬ್‌ವೂಫರ್ ಬೇಕೇ ಬೇಕು, ಅದು ಎರಡನೇ ಕಂತಿನಲ್ಲಿ ಬರುತ್ತದೆ.

ಹಾಲ್ ಪೂರ್ವ ಪಶ್ಚಿಮಕ್ಕೆ 18 ಅಡಿ, ಉತ್ತರ ದಕ್ಷಿಣಕ್ಕೆ 12 ಅಡಿ, ಎತ್ತರ 10. ಪಶ್ಚಿಮಕ್ಕೆ ದೊಡ್ಡ ಕಿಟಕಿ. ಪೂರ್ವದ ಗೋಡೆಗೆ ಟಿವಿ ಹಾಕಿದ್ದರೆ ಸಂಜೆ ಬಿಸಿಲು ನೇರ ಸ್ಕ್ರೀನ್ ಮೇಲೆ ಬೀಳುತ್ತಿತ್ತು. ಅವ್ವ ಮೊದಲಿಂದಲೂ ಟಿವಿ ಆಗ್ನೇಯದ ಕಡೆಗೇ ಇರಲಿ ಅಂತ ಹೇಳುತ್ತಿದ್ದಳು. ದಕ್ಷಿಣ ಗೋಡೆಯಲ್ಲಿ ಪೂರ್ವದ ಕಡೆಗೆ ಸರಿಸಿ ಇಟ್ಟರೆ ಅವಳ ಮಾತೂ ನಡೆಯುತ್ತದೆ, ನನ್ನ ಲೆಕ್ಕವೂ ಸರಿಬರುತ್ತದೆ. ಸೋಫಾವನ್ನು ಉತ್ತರ ಗೋಡೆಗೆ ಒತ್ತದೆ ಒಂದೂವರೆ ಅಡಿ ಮುಂದಕ್ಕೆ ತಂದಿದ್ದೇವೆ, ಕೂತವರ ತಲೆಯಿಂದ ಟಿವಿಗೆ 9 ಅಡಿ ಆಗುತ್ತದೆ. ಈ ದೂರಕ್ಕೆ 65 ಇಂಚಿನ ಟಿವಿ ಕಣ್ಣಿಗೆ ಸುಮಾರು 30 ಡಿಗ್ರಿ ತುಂಬುತ್ತದೆ, ಸಿನಿಮಾಗೆ ಕನಿಷ್ಠ ಇಷ್ಟಿರಲಿ ಅಂತ ಬಲ್ಲವರು ಹೇಳುವ ಅಳತೆ. 55 ಆದರೆ 25 ಡಿಗ್ರಿ, ಚಿಕ್ಕದಾಗುತ್ತದೆ. 75 ಚೆನ್ನಾಗಿರುತ್ತಿತ್ತು, ಆದರೆ ಬೆಲೆ ಒಮ್ಮೆಲೇ ಮೇಲೆ ಹಾರುತ್ತದೆ. ಲೆಕ್ಕ ಕಾಗದದ ಮೇಲಷ್ಟೇ ಇದ್ದರೆ ಸಾಲದು ಅಂತ ಹಳೆ ಪೇಪರ್‌ಗಳನ್ನು ಅಂಟಿಸಿ 57 ಇಂಚು ಅಗಲ, 32 ಇಂಚು ಎತ್ತರದ ಚೌಕವನ್ನು ಗೋಡೆಗೆ ಹಚ್ಚಿ, ಅಪ್ಪ ಅವ್ವ ಇಬ್ಬರನ್ನೂ ಕುರ್ಚಿ ಹಾಕಿ ಕೂರಿಸಿ ನೋಡಿದೆವು. ಇಬ್ಬರೂ ಒಪ್ಪಿದರು.

ಎತ್ತರದ ವಿಷಯಕ್ಕೆ ಬಹಳ ಜಗ್ಗಾಡಬೇಕಾಯಿತು. ಎಲೆಕ್ಟ್ರಿಷಿಯನ್‌ಗಳು ಟಿವಿ ಪಾಯಿಂಟ್ ಅಂದರೆ ನೆಲದಿಂದ ಐದು ಅಡಿ ಅಂತ ಕೈ ಹೋದ ಕಡೆ ಗುರುತು ಹಾಕಿಬಿಡುತ್ತಾರೆ. ಅಷ್ಟು ಮೇಲೆ ಟಿವಿ ಇಟ್ಟರೆ ಎರಡು ಗಂಟೆ ಕತ್ತು ಎತ್ತಿ ಕೂರಬೇಕು. ಸೋಫಾದಲ್ಲಿ ಕೂತಾಗ ಕಣ್ಣು ಎಷ್ಟು ಎತ್ತರಕ್ಕೆ ಬರುತ್ತದೋ ಟಿವಿಯ ನಡುಭಾಗ ಅಲ್ಲಿಗೇ ಬರಬೇಕು, ನಮ್ಮಲ್ಲಿ ಅದು 42 ಇಂಚು. ಹಾಗಾದರೆ ಟಿವಿಯ ಕೆಳ ಅಂಚು 26 ಇಂಚಿಗೆ ಬರುತ್ತದೆ. ಯುನಿಟ್ 18 ಇಂಚು ಎತ್ತರ ಇದ್ದರೆ ನಡುವೆ 8 ಇಂಚು ಸಿಗುತ್ತದೆ, ಅಲ್ಲಿ ಸೆಂಟರ್ ಸ್ಪೀಕರ್ ಮಲಗುತ್ತದೆ. ಸಿನಿಮಾದ ಮಾತೆಲ್ಲ ಬರುವುದು ಅದರಿಂದಲೇ, ಆದ್ದರಿಂದ ಅದನ್ನು ಯುನಿಟ್ ಬಾಗಿಲೊಳಗೆ ಬಚ್ಚಿಡುವುದು ಬೇಡ. ಟಿವಿ ಹಿಂದಿನ ಸಾಕೆಟ್ ಬಾಕ್ಸನ್ನು ನಟ್ಟನಡುವೆ ಇಡದೆ ಒಂದಡಿ ಪಕ್ಕಕ್ಕೆ ಸರಿಸಿದ್ದೇವೆ, ನಡುವೆ ಇದ್ದರೆ ಬ್ರಾಕೆಟ್ ಅದರ ಮೇಲೆ ಕೂರುತ್ತದೆ. ಬಾಕ್ಸನ್ನು ಗೋಡೆಯೊಳಕ್ಕೆ ಸ್ವಲ್ಪ ಆಳ ಕೂರಿಸಿದ್ದರಿಂದ ಪ್ಲಗ್ ಹಾಕಿದರೂ ಟಿವಿ ಗೋಡೆಗೆ ಹತ್ತಿರ ನಿಲ್ಲುತ್ತದೆ.

ಇನ್ನು ಪೈಪಿನ ಕಥೆ. ಸಾಮಾನ್ಯ ವೈರಿಂಗ್‌ಗೆ ಹಾಕುವ 25 ಮಿಲಿಮೀಟರ್ ಪೈಪಿನೊಳಗೆ ಚಿತ್ರ, ಧ್ವನಿ ಎರಡನ್ನೂ ಒಯ್ಯುವ ಎಚ್‌ಡಿಎಂಐ ಕೇಬಲ್‌ನ ತಲೆ ಸಲೀಸಾಗಿ ಹೋಗುವುದಿಲ್ಲ. ತಲೆಯೇ 20 ಮಿಲಿಮೀಟರ್ ಹತ್ತಿರ ಇರುತ್ತದೆ, ಒಂದು ಬೆಂಡ್ ಬಂದರೆ ಅಲ್ಲಿಗೆ ಮುಗಿಯಿತು. ನಾನು ಟಿವಿಯಿಂದ ಯುನಿಟ್‌ವರೆಗೆ 50 ಮಿಲಿಮೀಟರ್ ಪಿವಿಸಿ ಪೈಪು ಕೇಳಿದೆ. "ಟಿವಿಗ್ಯಾಕ್ರೀ ಸರ ಇಷ್ಟ್ ದಪ್ಪ ಪೈಪ?" ಅಂದ ಎಲೆಕ್ಟ್ರಿಷಿಯನ್‌ಗೆ ಕೇಬಲ್ ಕೈಗೆ ಕೊಟ್ಟೆ, ತೂರಿಸಿ ನೋಡಿ ಸುಮ್ಮನಾದರು. ಆದರೆ ಇಷ್ಟು ದಪ್ಪ ಪೈಪಿಗೆ ಗೋಡೆ ಆಳವಾಗಿ ಕೊರೆಯಬೇಕು. ನಮ್ಮ ದಕ್ಷಿಣ ಗೋಡೆ ಹೊರಗಿನದು, 9 ಇಂಚಿನ ಇಟ್ಟಿಗೆ ಗೋಡೆ, ಅದಕ್ಕೆ ಗೌಂಡಿ ಒಪ್ಪಿದರು. ಅದೂ ನೆಟ್ಟಗೆ ಮೇಲಿಂದ ಕೆಳಗೆ ಮಾತ್ರ, ಅಡ್ಡಡ್ಡ ಕೊರೆದರೆ ಗೋಡೆ ಬಲ ಕಳೆದುಕೊಳ್ಳುತ್ತದೆ. ನಾಲ್ಕೂವರೆ ಇಂಚಿನ ಗೋಡೆಯಾಗಿದ್ದರೆ ಕೊರೆಯುವ ಆಸೆ ಬಿಟ್ಟು ಮರದ ಪ್ಯಾನೆಲ್ ಹಿಂದೆ ಪೈಪು ಹಾಯಿಸಬೇಕಿತ್ತು.

ಹಿಂದಿನ ಎರಡು ಸ್ಪೀಕರ್‌ಗೆ ಮತ್ತು ಮುಂದೆಂದಾದರೂ ಬರಬಹುದಾದ ಛಾವಣಿಯ ಎರಡು ಸ್ಪೀಕರ್‌ಗೆ ಪೈಪುಗಳನ್ನು ಸ್ಲ್ಯಾಬ್ ಹಾಕುವಾಗಲೇ ಕಬ್ಬಿಣದ ಜೊತೆ ಕಟ್ಟಿಸಿದ್ದೆ. ಸ್ಪೀಕರ್ ತಂತಿಗೆ ತಲೆ ಇರುವುದಿಲ್ಲ, ಅದಕ್ಕೆ 25 ಸಾಕು. ಆಂಪ್ಲಿಫೈಯರ್‌ನಿಂದ ಮೇಲೆ ಹತ್ತಿ, ಸ್ಲ್ಯಾಬ್ ದಾಟಿ, ಸೋಫಾ ಪಕ್ಕಕ್ಕೆ ಇಳಿಯುವಷ್ಟರಲ್ಲಿ ತಂತಿ 40 ಅಡಿ ಆಗುತ್ತದೆ. 8 ಓಮ್ ಸ್ಪೀಕರ್‌ಗೆ 16 ಗೇಜ್ ತಂತಿ 48 ಅಡಿವರೆಗೆ ನಡೆಯುತ್ತದೆ, ಅಂಚಿನಲ್ಲಿ ನಿಲ್ಲುವುದು ಬೇಡ ಅಂತ ಅದಕ್ಕಿಂತ ದಪ್ಪನೆಯ 14 ಗೇಜ್ ಶುದ್ಧ ತಾಮ್ರದ್ದನ್ನೇ ತರಿಸಿದೆ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ತಂತಿ ಅರ್ಧ ಬೆಲೆಗೆ ಸಿಗುತ್ತದೆ, ಅದನ್ನು ಗೋಡೆಯೊಳಗೆ ಹಾಕಲೇಬಾರದು. ಕರೆಂಟಿನ ಪೈಪಿಗೂ ಇವಕ್ಕೂ ಒಂದಡಿ ಅಂತರ ಬಿಡಿಸಿದ್ದೇನೆ. ದಾಟಲೇಬೇಕಾದ ಕಡೆ ಪ್ಲಸ್ ಗುರುತಿನ ಹಾಗೆ ನೇರ ಅಡ್ಡ ದಾಟಿಸಿದ್ದೇವೆ, ಪಕ್ಕಪಕ್ಕ ಓಡಿದರೆ ಸ್ಪೀಕರ್‌ನಲ್ಲಿ ಗುಂಯ್ ಅನ್ನುವ 50 ಹರ್ಟ್ಸ್ ಸದ್ದು ಸೇರಿಕೊಳ್ಳಬಹುದು. ಮುಂದೆ ತಂತಿ ಎಳೆದುಕೊಳ್ಳಲು ಪ್ರತಿ ಪೈಪಿನಲ್ಲೂ ಒಂದೊಂದು ನೈಲಾನ್ ದಾರ ಬಿಟ್ಟಿದ್ದೇವೆ. ಪ್ಲಾಸ್ಟರ್ ಆಗುವ ಮುಂಚೆ ಗೋಡೆಗೆ ಟೇಪು ಹಿಡಿದು, ಅಳತೆ ಕಾಣುವ ಹಾಗೆ ಎಲ್ಲ ಗೋಡೆಯ ಫೋಟೊ ತೆಗೆದಿಟ್ಟಿದ್ದೇನೆ. ಇದೊಂದನ್ನು ಎಲ್ಲರೂ ಮಾಡಿ, ಆಮೇಲೆ ಡ್ರಿಲ್ ಹಿಡಿದಾಗ ಅದರ ಬೆಲೆ ಗೊತ್ತಾಗುತ್ತದೆ.

ಇಂಟರ್ನೆಟ್‌ಗೆ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎರಡು ಎಳೆದಿದ್ದೇವೆ. ಟಿವಿಗಳಲ್ಲಿ ಇರುವ ನೆಟ್‌ವರ್ಕ್ ಪೋರ್ಟ್ ಬಹಳ ಸಲ 100 ಎಂಬಿಪಿಎಸ್‌ನದ್ದೇ, ಆದರೂ 4ಕೆ ಸಿನಿಮಾ ಸ್ಟ್ರೀಮ್ ಮಾಡಲು ಅದು ಧಾರಾಳ, ದಪ್ಪ ಗೋಡೆ ದಾಟಿ ಬರುವ ವೈಫೈನ ಏರಿಳಿತ ಇರುವುದಿಲ್ಲ.

ಕರೆಂಟಿಗೆ ಎರಡು ಪ್ರತ್ಯೇಕ ಲೈನ್. ಟಿವಿ, ರೂಟರ್, ಆಂಪ್ಲಿಫೈಯರ್ ಇನ್ವರ್ಟರ್ ಮೇಲೆ, ಸಬ್‌ವೂಫರ್ ನೇರ ಲೈನ್ ಮೇಲೆ. ಇನ್ವರ್ಟರ್ ಸೈನ್ ವೇವ್ ಆಗಿರಲೇಬೇಕು, ಸ್ಕ್ವೇರ್ ವೇವ್ ಆದರೆ ಆಂಪ್ಲಿಫೈಯರ್ ಗುಂಯ್‌ಗುಡುತ್ತದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಮಳೆ ಸಿಡಿಲು ಹೊತ್ತುಕೊಂಡೇ ಬರುತ್ತದೆ. ಮುಖ್ಯ ಡಿಬಿಯಲ್ಲಿ (ಮನೆಯ ಕರೆಂಟ್ ಹಂಚುವ ಪೆಟ್ಟಿಗೆಯಲ್ಲಿ) ಒಮ್ಮೆಲೇ ಏರುವ ವೋಲ್ಟೇಜ್ ತಡೆಯುವ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಹಾಕಿಸಿದ್ದೇವೆ, ಅರ್ಥಿಂಗ್ ಗುಂಡಿಯನ್ನೂ ನಿಂತು ಮಾಡಿಸಿದೆ. ಅರ್ಥಿಂಗ್ ಸರಿ ಇಲ್ಲದಿದ್ದರೆ ಸರ್ಜ್ ಪ್ರೊಟೆಕ್ಟರ್ ಇದ್ದೂ ಇಲ್ಲದ ಹಾಗೆ.

ಈಗ ಬಡಿಗೇರರಿಗೆ ಕೊಟ್ಟಿರುವ ಅಳತೆ. ಅವರು ಹೇಳಿದ ಯುನಿಟ್ 14 ಇಂಚು ಆಳದ್ದು. ಎವಿ ರಿಸೀವರ್, ಅಂದರೆ ನಾನು ಇಷ್ಟುಹೊತ್ತು ಹೇಳಿದ ಆಂಪ್ಲಿಫೈಯರ್, ಒಂದೇ 15 ಇಂಚಿನ ಆಸುಪಾಸು ಇರುತ್ತದೆ, ಹಿಂದೆ ಕೇಬಲ್ ಬಾಗಲು ಜಾಗ ಬೇಕು. ಹಾಗಾಗಿ 20 ಇಂಚು ಹೇಳಿದ್ದೇನೆ. ರಿಸೀವರ್ ಮೇಲೆ ಐದಾರು ಇಂಚು ಖಾಲಿ, ಹಿಂಭಾಗದ ಪ್ಲೈ ಪೂರ್ತಿ ಕತ್ತರಿಸಿ ಬಿಡುವುದು, ಮುಂದೆ ಗಾಜಿನ ಬದಲು ಜಾಳಿಗೆಯ ಬಾಗಿಲು. ಗಾಳಿಯೂ ಆಡುತ್ತದೆ, ರಿಮೋಟ್ ಕೂಡ ಕೆಲಸ ಮಾಡುತ್ತದೆ. ಪ್ಲೈವುಡ್ ಐಎಸ್ 710 ಗುರುತಿನ ಮರೈನ್ ಪ್ಲೈ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಅದೇ ಭರವಸೆ. ಮೇಲಿನ ಲ್ಯಾಮಿನೇಟ್ ಮ್ಯಾಟ್ ಇರಲಿ ಅಂತ ಹಟ ಹಿಡಿದಿದ್ದೇನೆ. ಹೊಳೆಯುವ ಲ್ಯಾಮಿನೇಟ್ ಟಿವಿ ಕೆಳಗಿದ್ದರೆ ಸ್ಕ್ರೀನಿನ ಬೆಳಕು ಅದರಲ್ಲಿ ಕುಣಿಯುತ್ತದೆ. ಟಿವಿ ಹಿಂದಿನ ಗೋಡೆಗೂ ಮ್ಯಾಟ್ ಬಣ್ಣವೇ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಕೋಣೆಯ ಸದ್ದು. ಟೈಲ್ಸ್ ಮುಗಿದ ದಿನ ಹಾಲ್‌ನಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಗೋಡೆಯಿಂದ ಗೋಡೆಗೆ ಟರ್‌ರ್ ಅಂತ ಓಡಿತು. ವಿಟ್ರಿಫೈಡ್ ಟೈಲ್ಸ್, ಸಿಮೆಂಟ್ ಗೋಡೆ, ಕಾಂಕ್ರೀಟ್ ಛಾವಣಿ, ಯಾವುದೂ ಸದ್ದನ್ನು ಹೀರುವುದಿಲ್ಲ. ಇಂಥ ಕೋಣೆಯಲ್ಲಿ ಲಕ್ಷ ರೂಪಾಯಿ ಸ್ಪೀಕರ್ ಇಟ್ಟರೂ ಮನಸೂರರ ತಾನಿನ (ವೇಗವಾಗಿ ಹಾಡುವ ಸ್ವರಗಳ ಸಾಲಿನ) ಒಂದು ಸ್ವರ ಮುಂದಿನ ಸ್ವರದ ಮೇಲೆ ಹರಡಿಕೊಳ್ಳುತ್ತದೆ. ಅವರ ಹಾಡುವ ಶೈಲಿಯಲ್ಲಿ ಸ್ವರಗಳು ಬಿಡುವಿಲ್ಲದೆ ಹೊರಳಿ ಬರುತ್ತವೆ, ಅದು ಬಿಡಿಬಿಡಿಯಾಗಿ ಕೇಳದೆ ಹೋದರೆ ಇಷ್ಟೆಲ್ಲ ಯಾಕೆ ಮಾಡಬೇಕು, ಅಲ್ವಾ?

ನೆಲಕ್ಕೆ ನವಲಗುಂದದ ಜಮಖಾನೆ ಬರುತ್ತದೆ. ಅದು ತೆಳು ನೇಯ್ಗೆ, ಒಂದೇ ಆದರೆ ಹೆಚ್ಚು ಹೀರುವುದಿಲ್ಲ, ಕೆಳಗೆ ದಪ್ಪ ಫೆಲ್ಟ್ ಹಾಸುತ್ತೇವೆ. ಪಶ್ಚಿಮದ ಕಿಟಕಿಗೆ ನೆಲ ಮುಟ್ಟುವ ಭಾರವಾದ ಪರದೆ, ನೆರಿಗೆ ಜಾಸ್ತಿ ಇರಲಿ ಅಂತ ಕಿಟಕಿಯ ಎರಡರಷ್ಟು ಅಗಲದ ಬಟ್ಟೆ. ಸ್ಪೀಕರ್‌ಗಳು 8 ಅಡಿ ಅಂತರದಲ್ಲಿ ನಿಲ್ಲುತ್ತವೆ, ಎಡಗಡೆಯದ್ದು ಪೂರ್ವದ ಗೋಡೆಗೆ ಮೂರೇ ಅಡಿ. ಅದರ ಸದ್ದು ಆ ಗೋಡೆಗೆ ತಾಗಿ ಕಿವಿಗೆ ಬರುತ್ತದೆ. ಎಲ್ಲಿ ತಾಗುತ್ತದೆ ಅಂತ ಹುಡುಕಲು ಕನ್ನಡಿ ಸಾಕು. ಒಬ್ಬರು ಸೋಫಾ ಜಾಗದಲ್ಲಿ ಕೂರಬೇಕು, ಇನ್ನೊಬ್ಬರು ಗೋಡೆಗೆ ಕನ್ನಡಿ ಒತ್ತಿ ಸರಿಸುತ್ತಾ ಹೋಗಬೇಕು, ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗಕ್ಕೆ ಗುರುತು. ತಮ್ಮ ಕನ್ನಡಿ ಹಿಡಿದ, ಸ್ಪೀಕರ್ ಜಾಗಕ್ಕೆ ಸಿಮೆಂಟ್ ಚೀಲ ನಿಲ್ಲಿಸಿದ್ದೆವು. ಅಲ್ಲಿಗೆ ಮತ್ತು ಸೋಫಾದ ಹಿಂದಿನ ಗೋಡೆಗೆ ಮರದ ಚೌಕಟ್ಟಿನಲ್ಲಿ ಸದ್ದು ಹೀರಲು 2 ಇಂಚು ದಪ್ಪದ ರಾಕ್‌ವುಲ್ (ಕಲ್ಲಿನ ನಾರಿನ ಹಾಸು) ತುಂಬಿದ ಪ್ಯಾನೆಲ್, ಗೋಡೆಗೂ ಅದಕ್ಕೂ ನಡುವೆ 2 ಇಂಚು ಗಾಳಿ. ಈ ಗಾಳಿಯ ಸಂದು ಇದ್ದರೆ ಸ್ವಲ್ಪ ಕೆಳಗಿನ ಸ್ವರಗಳನ್ನೂ ಪ್ಯಾನೆಲ್ ಹಿಡಿಯುತ್ತದೆ. ಹೊದಿಕೆಗೆ ಅವ್ವ ಗುಳೇದಗುಡ್ಡದ ಖಣ ಅಂದಳು. ನೋಡಲು ಬಹಳ ಚೆಂದ. ಆದರೆ ಬಟ್ಟೆಗೆ ಬಾಯಿ ಹಚ್ಚಿ ಊದಿದರೆ ಗಾಳಿ ಆಚೆ ಬರಬೇಕು, ನಮ್ಮ ಮನೆಯಲ್ಲಿದ್ದ ಖಣ ಅಷ್ಟು ಬಿಡಲಿಲ್ಲ, ಖಾದಿ ಬಿಟ್ಟಿತು. ಅದಕ್ಕೆ ಒಳಗೆಲ್ಲ ಖಾದಿ, ಅಂಚಿಗೆ ಖಣದ ಪಟ್ಟಿ ಅಂತ ತೀರ್ಮಾನವಾಗಿದೆ. ಇದು ನನಗೂ ತುಂಬಾ ಹಿಡಿಸಿತು.

ಸಬ್‌ವೂಫರ್ ಜಾಗ ಈಗಲೇ ಹೇಳಲಾಗದು. 18, 12, 10 ಅಡಿಯ ಕೋಣೆಯಲ್ಲಿ 31, 47 ಮತ್ತು 56 ಹರ್ಟ್ಸ್ ಹತ್ತಿರ ಸದ್ದು ಉಬ್ಬುತ್ತದೆ, ಕೆಲವು ಕಡೆ ಪೂರ್ತಿ ಕುಸಿಯುತ್ತದೆ. ಸಬ್‌ವೂಫರನ್ನು ಸೋಫಾ ಮೇಲೆ ಇಟ್ಟು, ಗೋಡೆಯುದ್ದಕ್ಕೂ ಕಿವಿ ಕೆಳಗೆ ಮಾಡಿ ಓಡಾಡಿ, ಎಲ್ಲಿ ಸಮನಾಗಿ ಕೇಳುತ್ತದೋ ಅಲ್ಲಿ ಅದನ್ನು ಕೂರಿಸುವುದೇ ಸರಿಯಾದ ದಾರಿ. ಅದಕ್ಕೇ ಎರಡು ಮೂಲೆಗೂ ಪೈಪು ಕೊಟ್ಟಿದ್ದೇನೆ.

ಪ್ರೊಜೆಕ್ಟರ್ ಯಾಕಿಲ್ಲ ಅಂತ ಗೆಳೆಯರು ಕೇಳಿದರು. ಹಾಲ್‌ಗೆ ಸೀಲಿಂಗ್ ಫ್ಯಾನ್ ಬೇಕೇ ಬೇಕು, ಅದು ಬೆಳಕಿನ ದಾರಿಗೆ ಅಡ್ಡ ಬರುತ್ತದೆ. ಹಗಲು ಕಿಟಕಿ ಮುಚ್ಚಿ ಕೂರುವ ಮನೆಯೂ ನಮ್ಮದಲ್ಲ. ಫ್ಯಾನ್ ಕಡಿಮೆ ಕರೆಂಟ್ ಎಳೆಯುವ ಬಿಎಲ್‌ಡಿಸಿ ಮೋಟರಿನದ್ದು ಹಾಕುತ್ತೇವೆ, 30 ವ್ಯಾಟ್ ಆಸುಪಾಸಿನದ್ದು. ಕಡಿಮೆ ವೇಗದಲ್ಲಿ ಗುಂಯ್ ಅನ್ನದ ಫ್ಯಾನನ್ನು ಅಂಗಡಿಯಲ್ಲಿ ಓಡಿಸಿ, ಕೆಳಗೆ ನಿಂತು ಕೇಳಿಯೇ ಆರಿಸಬೇಕು. ಲೈಟನ್ನು ಫ್ಯಾನಿನ ಮೇಲ್ಗಡೆ ಬರದ ಹಾಗೆ ಸರಿಸಿದ್ದೇವೆ, ಇಲ್ಲದಿದ್ದರೆ ರೆಕ್ಕೆಯ ನೆರಳು ಗೋಡೆ ಮೇಲೆ ಮಿಣುಕುತ್ತದೆ. ಟಿವಿ ಹಿಂದೆ 6500 ಕೆಲ್ವಿನ್‌ನ ಮಂದ ಬಿಳಿ ಪಟ್ಟಿ, ಉಳಿದ ಹಾಲ್‌ಗೆ 3000 ಕೆಲ್ವಿನ್ ಹಳದಿ ಬೆಳಕು.

ಉಳಿದಿರುವುದು: ಪುಟ್ಟಿ ಉಜ್ಜುವ ಕೆಲಸ ಪೂರ್ತಿ ಮುಗಿದು ಮನೆ ತೊಳೆಯುವವರೆಗೆ ಯಾವ ಸಾಮಾನೂ ಒಳಗೆ ಬರುವುದಿಲ್ಲ, ಆ ಹುಡಿ ಒಮ್ಮೆ ಆಂಪ್ಲಿಫೈಯರ್ ಒಳಗೆ ಹೋದರೆ ತೆಗೆಯುವುದು ಕಷ್ಟ. ಟಿವಿಯ ಧ್ವನಿಯನ್ನು ಎಚ್‌ಡಿಎಂಐ ಕೇಬಲ್‌ನಲ್ಲೇ ರಿಸೀವರ್‌ಗೆ ವಾಪಸ್ ಕಳಿಸುವ ಇಎಆರ್‌ಸಿ ಟಿವಿಯಲ್ಲಿ ಇರಲೇಬೇಕು ಅಂತ ಪಟ್ಟಿಯಲ್ಲಿ ಮೊದಲು ಬರೆದಿದ್ದೇನೆ. ಬರೀ ಹಳೆಯ ಎಆರ್‌ಸಿ ಆದರೆ ಎರಡಕ್ಕಿಂತ ಹೆಚ್ಚು ಚಾನೆಲ್‌ನ ಧ್ವನಿ ಕುಗ್ಗಿಸಿದ ರೂಪದಲ್ಲಿ ಮಾತ್ರ ರಿಸೀವರ್‌ಗೆ ಬರುತ್ತದೆ. ಸ್ಪೀಕರ್ ಆರಿಸಲು ಹುಬ್ಬಳ್ಳಿಗೆ ಅಪ್ಪನನ್ನೂ ಕರೆದುಕೊಂಡು ಹೋಗುತ್ತೇನೆ, ಅಂಗಡಿಯವರ ಡೆಮೊ ಬಿಟ್ಟು ನಮ್ಮದೇ ಪೆನ್‌ಡ್ರೈವ್‌ನಲ್ಲಿ ಅಪ್ಪನಿಗೆ ಕಂಠಪಾಠವಾಗಿರುವ ಧ್ವನಿಮುದ್ರಣಗಳನ್ನು ಹಾಕಿಸಿ ಕೇಳಬೇಕು. ಅಪ್ಪ ಯಾವ ಸ್ಪೀಕರ್ ಹೇಳುತ್ತಾರೋ ಅದೇ. ಯುನಿಟ್ ಕೂತ ಮೇಲೆ ಅಳತೆ, ಖರ್ಚು ಎರಡನ್ನೂ ಬರೆಯುತ್ತೇನೆ.