ಯೀಲ್ಡ್ ಕರ್ವ್ ಬೋರ್ಡು: 364 ದಿನದ ಕಂಬದ ಗೂನು ಕೊನೆಗೂ ಹೋಯ್ತು

ಸರ್ಕಾರ ಬೇರೆ ಬೇರೆ ಅವಧಿಗೆ ಮಾಡೋ ಸಾಲದ ಯೀಲ್ಡ್ (ಕೊಂಡೋರಿಗೆ ವರ್ಷಕ್ಕೆ ಸಿಗೋ ಪ್ರತಿಫಲ) ಸಾಲಾಗಿ ಜೋಡಿಸಿದ್ರೆ ಸಿಗೋ ಗೆರೆಯೇ ಯೀಲ್ಡ್ ಕರ್ವ್, ಅದನ್ನ ದೀಪದ ಕಂಬಗಳಲ್ಲಿ ತೋರಿಸೋ ಬೋರ್ಡು ಮಾಡಿದ್ದೀನಿ. ಹೋಯ್ತು ಕಣ್ರೀ, ಅದರಲ್ಲಿ ಒಂದು ವರ್ಷದ ಅವಧಿಯ ಕಂಬದ ಹತ್ರ ಎದ್ದು ನಿಂತಿದ್ದ ಆ ಗೂನು ನಿನ್ನೆ ರಾತ್ರಿ ಹೋಯ್ತು! ಆರ್‌ಬಿಐ ಕೈ ಎಲ್ಲಿವರೆಗೆ ಚಾಚುತ್ತೆ, ಮಾರ್ಕೆಟ್ಟು ಎಲ್ಲಿಂದ ತನ್ನದೇ ಮಾತು ಆಡುತ್ತೆ ಅನ್ನೋದು ಈಗ ಡೊಂಬಿವಲಿಯ ನಮ್ಮ ಮನೆ ಹಾಲ್‌ನ ಗೋಡೆ ಮೇಲೆ ಕಾಣುತ್ತೆ.

ದೀಪ ನಡೆಸೋ ಇಎಸ್‌ಪಿ32 ಚಿಪ್ಪು, ಪವರ್ ಸಪ್ಲೈ ವಿವರ ಇಲ್ಲಿ ಬೇಡ, ಬಿಡಿ. ಎಂಟು ಕಂಬ, ಒಂದೊಂದೂ ಒಂದು ಮೀಟರ್ ಎಲ್‌ಇಡಿ ಸ್ಟ್ರಿಪ್: ಓವರ್‌ನೈಟ್ (ಒಂದೇ ರಾತ್ರಿಯ ಸಾಲ), 91, 182, 364 ದಿನ (ಇವು ಟಿ-ಬಿಲ್, ಸರ್ಕಾರದ ಅಲ್ಪಾವಧಿ ಸಾಲಪತ್ರ), ಆಮೇಲೆ 2, 5, 10, 30 ವರ್ಷ (ಸರ್ಕಾರಿ ಬಾಂಡು). ಮೀಟರಿಗೆ 60 ದೀಪ, ಬುಡದಲ್ಲಿ 5%, ತುದೀಲಿ 8%, ಅಂದ್ರೆ ದೀಪಕ್ಕೆ 5 ಬೇಸಿಸ್ ಪಾಯಿಂಟ್ (1%ರಲ್ಲಿ ನೂರು ಬೇಸಿಸ್ ಪಾಯಿಂಟ್). ರೆಪೋ (ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡೋ ದರ) ಕಾಲು ಪರ್ಸೆಂಟ್ ಇಳಿದ್ರೆ ಐದು ದೀಪ ಆರಬೇಕು. ಲ್ಯಾಮಿಂಗ್ಟನ್ ರೋಡಿನ ಅಂಗಡಿಯೋನು ಒಬ್ಬ 60ರದ್ದು ಅಂತ ದುಡ್ಡು ತಗೊಂಡು 30ರ ರೋಲ್ ಕಟ್ಟಿಕೊಟ್ಟಿದ್ದ, ವಾಪಸ್ ಹೋದ್ರೆ "ಪ್ಯಾಕೆಟ್ ಒಡೆದದ್ದು ನಡೆಯಲ್ಲ" ಅಂತಾನೆ, ಒಡೀದೆ ದೀಪ ಎಣಿಸೋದು ಹೇಗೆ ಹೇಳಿ. 30ರದ್ದು ಹಾಕಿದ್ರೆ ಒಂದು ದೀಪಕ್ಕೆ 10 ಬೇಸಿಸ್ ಪಾಯಿಂಟ್ ಆಗುತ್ತೆ, ಸಣ್ಣಪುಟ್ಟ ಅಲುಗಾಟ ಒಂದೂ ಕಾಣಲ್ಲ. ಕೊನೆಗೆ ಬೇರೆ ಕಡೆಯಿಂದ ತರಿಸಿದೆ.

ಈಗ ಗೂನಿನ ವಿಷಯ. 2023–24ರ ದರಗಳನ್ನ ರಿಪ್ಲೇ ಮಾಡಿದಾಗೆಲ್ಲ 182 ದಿನದ ಕಂಬ ಸರಿ, 2 ವರ್ಷದ್ದು ಸರಿ, ನಡುವಿನ 364 ಮಾತ್ರ ಎರಡು ದೀಪ ಮೇಲೆ. ಆಗ 364 ದಿನದ ಟಿ-ಬಿಲ್ 7%ರ ಆಸುಪಾಸಲ್ಲಿತ್ತು. ಬುಧವಾರದ ಹರಾಜಿನ ಫಲಿತಾಂಶದಲ್ಲಿ ಆರ್‌ಬಿಐ ಕಟ್-ಆಫ್ ಬೆಲೆ (ಹರಾಜಲ್ಲಿ ಒಪ್ಪಿದ ಕನಿಷ್ಠ ಬೆಲೆ), ಪಕ್ಕದಲ್ಲೇ ಯೀಲ್ಡ್ ಎರಡೂ ಕೊಡುತ್ತೆ, ಎರಡನ್ನೂ ತಾಳೆ ನೋಡಿದೆ, ಪೈಸೆ ವ್ಯತ್ಯಾಸ ಇಲ್ಲ. ವೈರ್ ಬದಲಿಸಿದೆ, ಸ್ಟ್ರಿಪ್ಪನ್ನೇ ಅದಲುಬದಲು ಮಾಡಿದೆ, ಗೂನು ಅಲ್ಲೇ. ಎರಡು ದೀಪ ಅಂದ್ರೆ ಸಣ್ಣದೇನಲ್ಲ, 10 ಬೇಸಿಸ್ ಪಾಯಿಂಟ್! ದರ ಕಡಿತವೇ 25 ಇರುವಾಗ 10ರಷ್ಟು ಸುಳ್ಳು ತೋರಿಸೋ ಬೋರ್ಡು ಯಾಕೆ ಬೇಕು?

ಮುಲುಂಡಿನ ಚಿಕ್ಕಪ್ಪ ಬ್ಯಾಂಕ್ ಟ್ರೆಜರಿಯಲ್ಲಿದ್ದು ರಿಟೈರ್ ಆದೋರು, ಬಂದು ನೋಡಿ ಒಂದೇ ಮಾತು ಕೇಳಿದ್ರು: "ಟಿ-ಬಿಲ್ಲಿಗೆ ಮಧ್ಯೆ ಕೂಪನ್ ಉಂಟಾ ಮಾರಾಯಾ? ಸೇರಲ್ಲಿ ಅಳೆದದ್ದನ್ನ ಕಿಲೋ ಪಕ್ಕ ಇಟ್ಟಿದ್ದೀಯಲ್ಲ." ಕೂಪನ್ ಅಂದ್ರೆ ಬಾಂಡು ನಡುನಡುವೆ ಕೊಡೋ ಬಡ್ಡಿ.

ವಿಷಯ ಅದೇ. ಟಿ-ಬಿಲ್ ಯೀಲ್ಡ್ ಅನ್ನೋದು ಸರಳ ಬಡ್ಡಿ ಲೆಕ್ಕ, ವರ್ಷಕ್ಕೆ 365 ದಿನ. 7% ಅಂದ್ರೆ ಇವತ್ತು ₹93.47 ಕೊಟ್ಟು 364 ದಿನ ಆದ್ಮೇಲೆ ₹100 ತಗೊಳ್ಳೋದು. ಸರ್ಕಾರಿ ಬಾಂಡಿನ ಯೀಲ್ಡ್ ಹಾಗಲ್ಲ, ಆರಾರು ತಿಂಗಳಿಗೆ ಕೂಪನ್ ಬರುತ್ತೆ ಅಂತ ಅರ್ಧವಾರ್ಷಿಕ ಚಕ್ರಬಡ್ಡಿ ಲೆಕ್ಕ, ದಿನ ಎಣಿಸೋದೂ 30/360, ಅಂದ್ರೆ ತಿಂಗಳಿಗೆ 30, ವರ್ಷಕ್ಕೆ 360 ದಿನ ಅಂತ. ಹಾಗಾಗಿ ಟಿ-ಬಿಲ್ಲಿನ 7%ನ ಬಾಂಡಿನ ಭಾಷೆಗೆ ತಂದ್ರೆ 6.88% ಆಗುತ್ತೆ, 12 ಬೇಸಿಸ್ ಪಾಯಿಂಟ್ ಇಳೀತು! ಮಜಾ ಏನಂದ್ರೆ 91 ದಿನದ್ದು ಉಲ್ಟಾ, ಅದೇ 7% ಅಲ್ಲಿ ಸುಮಾರು 7.06% ಆಗಿ ಒಂದು ದೀಪ ಮೇಲೆ ಹೋಗುತ್ತೆ, 182 ದಿನದ್ದು ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತೆ, ಯಾಕಂದ್ರೆ ಅದರ ಅವಧಿಯೇ ಅರ್ಧ ವರ್ಷ. ಕೋಡಲ್ಲಿ ಮೂರು ಸಾಲು ಸೇರಿಸಿದೆ, ಬೆಲೆಯಿಂದಲೇ ಲೆಕ್ಕ ಶುರು ಮಾಡಿಸಿದೆ, ಅಷ್ಟೇ, ಕರ್ವ್ ನುಣ್ಣಗೆ ಬಂತು. ದರದ ಟೇಬಲ್ ಸಿಕ್ತು ಅಂತ ನೇರ ಬೋರ್ಡಿಗೆ ಹಾಕೋರು ದಯವಿಟ್ಟು ಇದನ್ನ ಮೊದಲು ಮಾಡಿ.

ಆಮೇಲೆ ನಾನು ಕಾಯ್ತಿದ್ದ ರಿಪ್ಲೇ ಹಾಕಿದೆ, ಜೂನ್ 6, 2025. ಅವತ್ತು ಆರ್‌ಬಿಐ ರೆಪೋನ 6%ರಿಂದ 5.50%ಗೆ ಇಳಿಸ್ತು, ಸಿಆರ್‌ಆರ್‌ನ (ಬ್ಯಾಂಕುಗಳು ಠೇವಣಿಯಲ್ಲಿ ಆರ್‌ಬಿಐ ಹತ್ರ ಇಡಲೇಬೇಕಾದ ಪಾಲು) ನಾಲ್ಕು ಕಂತಲ್ಲಿ ಒಟ್ಟು 1% ಇಳಿಸ್ತೀವಿ ಅಂತು, ಅದರಿಂದ ಬ್ಯಾಂಕುಗಳಿಗೆ ₹2.5 ಲಕ್ಷ ಕೋಟಿ ಸಿಗೋ ಅಂದಾಜು, ಜೊತೆಗೆ ನಿಲುವನ್ನ ಅಕಾಮೊಡೇಟಿವ್‌ನಿಂದ (ದರ ಇಳಿಸೋ ಕಡೆ ಒಲವು) ನ್ಯೂಟ್ರಲ್‌ಗೆ (ಯಾವ ಕಡೆಗೂ ಒಲವಿಲ್ಲ) ತಂತು. ಎಡಗಡೆ ಕಂಬಗಳು ದಡದಡ ಇಳಿದ್ವು, ಓವರ್‌ನೈಟ್ ಕಂಬ 5.25%ರ ಎಸ್‌ಡಿಎಫ್ (ಬ್ಯಾಂಕುಗಳು ಆರ್‌ಬಿಐಯಲ್ಲಿ ದುಡ್ಡಿಟ್ರೆ ಸಿಗೋ ದರ) ನೆಲದ ಕಡೆಗೇ ಜಾರಿತು. ಬಲಗಡೆ 10 ವರ್ಷದ್ದು ಮಾತ್ರ ವಾರ ಕಳೆದ ಹಾಗೆ ಏರ್ತಾ ಹೋಯ್ತು, ಆಗಸ್ಟ್ ಕೊನೆಗೆ 6.5% ದಾಟಿತ್ತು! ದರ ಇಳಿಸಿದ್ರೂ ಸರ್ಕಾರಕ್ಕೆ ದೀರ್ಘಾವಧಿ ಸಾಲ ತುಟ್ಟಿ. ನ್ಯೂಟ್ರಲ್ ಅಂದ ಕೂಡ್ಲೆ ಇನ್ನು ಕಡಿತ ಕಮ್ಮಿ ಅಂತ ಮಾರ್ಕೆಟ್ಟು ಓದಿಕೊಳ್ತು, ಸಿಆರ್‌ಆರ್‌ನಿಂದಲೇ ಇಷ್ಟು ದುಡ್ಡು ಬರೋದಾದ್ರೆ ಆರ್‌ಬಿಐ ಓಎಂಓ (ಮಾರ್ಕೆಟ್ಟಲ್ಲಿ ಬಾಂಡ್ ಕೊಳ್ಳೋ, ಮಾರೋ ಕೆಲಸ) ಮಾಡಿ ಬಾಂಡ್ ಯಾಕೆ ಕೊಳ್ಳುತ್ತೆ ಅನ್ನೋ ಲೆಕ್ಕಾಚಾರ ಬೇರೆ. ಶುಕ್ರವಾರದ ಬಾಂಡ್ ಹರಾಜನ್ನ ಸರ್ಕಾರದ ಪರವಾಗಿ ನಡೆಸೋದು ಆರ್‌ಬಿಐಯೇ, ಆದ್ರೆ ಎಫ್‌ಆರ್‌ಬಿಎಂ ಕಾಯ್ದೆ (ಸರ್ಕಾರದ ಸಾಲಕ್ಕೆ ಮಿತಿ ಹಾಕೋ ಕಾನೂನು) ಪ್ರಕಾರ 2006ರ ಏಪ್ರಿಲಿಂದ ಸಾಮಾನ್ಯವಾಗಿ ಆ ಹರಾಜಲ್ಲಿ ತಾನೇ ಕೊಳ್ಳೋ ಹಾಗಿಲ್ಲ, ಏನಿದ್ರೂ ಸೆಕೆಂಡರಿ ಮಾರ್ಕೆಟ್ಟಿಗೆ (ಹರಾಜಲ್ಲಿ ಕೊಂಡೋರು ಮತ್ತೆ ಮಾರೋ ಕಡೆ) ಬಂದು ಕೊಳ್ಳಬೇಕು. ಬಲಗಡೆ ಕಂಬಗಳು ಅದರ ಮಾತು ಕೇಳಬೇಕಂದ್ರೆ ಮಾರ್ಕೆಟ್ಟಿಗೆ ನಂಬಿಕೆ ಹುಟ್ಟಿಸಲೇಬೇಕು. ಇದನ್ನ ಓದಿ ಗೊತ್ತಿತ್ತು, ಒಂದೇ ಬೋರ್ಡಲ್ಲಿ ಎಡ ಇಳಿದು ಬಲ ಏರೋದನ್ನ ನೋಡಿದಾಗ ರೋಮಾಂಚನ ಆಯ್ತು.

ಅಷ್ಟರಲ್ಲೇ ಮುಂದಿನದು ತಲೆಗೆ ಹತ್ತಿದೆ: ಎರಡು ಡ್ರಾಯರ್ ಇರೋ ಮರದ ಪೆಟ್ಟಿಗೆ. ಒಂದು ದುಡ್ಡಿಂದು, ಒಂದು ಬಾಂಡಿಂದು, ಎರಡಕ್ಕೂ ಸೊಲೆನಾಯ್ಡ್ ಲಾಕ್ (ಕರೆಂಟಿಂದ ನಡೆಯೋ ಬೀಗ), ಒಂದು ತುಂಬದೆ ಇನ್ನೊಂದು ತೆಗೆಯಬಾರದು. ಡೆಲಿವರಿ ವರ್ಸಸ್ ಪೇಮೆಂಟ್ (ಬಾಂಡು ಕೈ ಬದಲಾದ್ರೇ ದುಡ್ಡೂ ಕೈ ಬದಲಾಗೋದು) ಅನ್ನೋದನ್ನ ಮಕ್ಕಳಿಗೂ ತೋರಿಸಬಹುದು. 1992ರ ಹರ್ಷದ್ ಮೆಹ್ತಾ ಹಗರಣದಲ್ಲಿ ಹಿಂದೆ ಬಾಂಡೇ ಇಲ್ಲದ ಬ್ಯಾಂಕ್ ರಸೀದಿಗಳ ಮೇಲೆ ದುಡ್ಡು ಓಡಾಡಿತ್ತಲ್ಲ, ಆ ತೂತು ಮುಚ್ಚಿದ್ದು ಇಂಥ ಬೀಗಗಳೇ. ಈಗ ಸರ್ಕಾರಿ ಬಾಂಡ್ ವ್ಯವಹಾರದಲ್ಲಿ ಸಿಸಿಐಎಲ್ (ಕ್ಲಿಯರಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾ) ನಡುವೆ ನಿಂತು ಗ್ಯಾರಂಟಿ ಕೊಡುತ್ತೆ, ಬಾಂಡೂ ದುಡ್ಡೂ ಆರ್‌ಬಿಐ ಪುಸ್ತಕದಲ್ಲೇ ಕೈ ಬದಲಾಗುತ್ತೆ. ಹಾಗಾಗಿ ನಡುವೆ ಮೂರನೇ ಖಾನೆ ಒಂದು ಬೇಕು, ಅಲ್ಲಿ ಹತ್ತು ವ್ಯವಹಾರ ಸೇರಿಸಿ ನೆಟ್ ಮೊತ್ತ ಒಂದನ್ನೇ ತೋರಿಸೋ ಡಿಸ್‌ಪ್ಲೇ. 12 ವೋಲ್ಟಿನ ಸೊಲೆನಾಯ್ಡು ಅರ್ಧ ನಿಮಿಷಕ್ಕೇ ಕೈ ಸುಡೋಷ್ಟು ಬಿಸಿ ಆಗ್ತಿದೆ, ಕರೆಂಟ್ ಇಲ್ಲದೆ ಮುಚ್ಚಿರೋ, ಒಂದು ಪಲ್ಸಿಗೆ ತೆಗೆಯೋ ಥರದ್ದು ಠಾಣೆ ಕಡೆ ಯಾರಾದ್ರೂ ತಗೊಂಡಿದ್ರೆ ಯಾವ ಅಂಗಡಿ ಅಂತ ಹೇಳಿ, ಈ ಶನಿವಾರವೇ ಹೋಗ್ತೀನಿ.