ದೋಣಿ ಮಗುಚಿದರೆ ನಿಮ್ಮ ರೇಡಿಯೋ ಎಲ್ಲಿರುತ್ತದೆ?

ಉಡುಪಿ ಜಿಲ್ಲೆಯ ಗಂಗೊಳ್ಳಿ ಬಂದರಿನ ಸುತ್ತಮುತ್ತ ಬೋಟುಗಳಿಗೆ ಜಿಪಿಎಸ್, ಫಿಶ್ ಫೈಂಡರ್, ವಿಎಚ್‌ಎಫ್ ರೇಡಿಯೋ ಸೆಟ್ ಕೂರಿಸುವುದು, ಕೆಟ್ಟರೆ ರಿಪೇರಿ ಮಾಡುವುದು ನನ್ನ ಕೆಲಸ. ಸೆಟ್ ಕೊಳ್ಳಲು ಬರುವ ನಾಡದೋಣಿಯವರು ಕೈಗೆತ್ತಿಕೊಂಡ ಕೂಡಲೇ ಕೇಳುವುದು, "ಇದ್ ಎಷ್ಟ್ ಕಿಲೋಮೀಟರ್ ಹಿಡಿತ್ತ್ ಮಾರ್ರೆ?" ಅದಕ್ಕೆ ಉತ್ತರ ಕೊಡುತ್ತೇನೆ. ಆದರೆ ಅದಕ್ಕೂ ಮೊದಲು, ದೋಣಿ ಮಗುಚಿದರೆ ಈ ಸೆಟ್ ಎಲ್ಲಿರುತ್ತದೆ ಎಂದು ಅವರನ್ನೇ ಕೇಳುತ್ತೇನೆ. ಯಾವ ಸೆಟ್ ಬೇಕೆಂಬುದು ಆ ಉತ್ತರದಲ್ಲೇ ಇದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ನಿಷೇಧ. ಆಗ ಕಡಲಿಗೆ ಇಳಿಯುವವರು 10 ಅಶ್ವಶಕ್ತಿಯೊಳಗಿನ ಎಂಜಿನ್ ಇಟ್ಟುಕೊಂಡ ನಾಡದೋಣಿಯವರು ಮಾತ್ರ. ಕಡಲು ಅತಿ ಕೆಟ್ಟದಾಗಿರುವ ಹೊತ್ತಿನಲ್ಲಿ ಅತಿ ಸಣ್ಣ ದೋಣಿಗಳು ನೀರಿನಲ್ಲಿರುತ್ತವೆ, ಸಹಾಯಕ್ಕೆ ಬರಬಹುದಾದ ದೊಡ್ಡ ಬೋಟುಗಳು ದಡದಲ್ಲಿ ಕಟ್ಟಿಕೊಂಡಿರುತ್ತವೆ. ಅಪಾಯ ಬರುವುದು ಆಳಸಮುದ್ರದಲ್ಲೇ ಎಂದೇನಿಲ್ಲ. ಹೊಳೆ ಕಡಲಿಗೆ ಸೇರುವ ಅಳಿವೆ ಬಾಗಿಲಲ್ಲಿ, ದಡದಲ್ಲಿರುವವರ ಕಣ್ಣೆದುರೇ ದೋಣಿ ಮಗುಚುವುದುಂಟು. ಅಲ್ಲಿ ಮೊಬೈಲ್ ಸಿಗ್ನಲ್ ಚೆನ್ನಾಗಿಯೇ ಇರುತ್ತದೆ. ಆದರೆ ಉಪ್ಪುನೀರು ಹರಿಯುತ್ತಿರುವ ಗಾಜಿನ ಮೇಲೆ ಬೆರಳು ಎಷ್ಟು ಒತ್ತಿದರೂ ನಂಬರ್ ಬೀಳುವುದಿಲ್ಲ. ಸಿಕ್ಕಿದರೂ ಮಾತು ಹೋಗುವುದು ಒಬ್ಬರಿಗೆ. ವಿಎಚ್‌ಎಫ್‌ನಲ್ಲಿ ಅಪಾಯದ ಕರೆಗೆ ಬಳಸುವ ಚಾನೆಲ್ 16ರಲ್ಲಿ ಕೂಗಿದರೆ ಆ ವ್ಯಾಪ್ತಿಯಲ್ಲಿ ಸೆಟ್ ತೆರೆದಿಟ್ಟುಕೊಂಡ ಎಲ್ಲರಿಗೂ ಕೇಳುತ್ತದೆ.

ಹಾಗಾಗಿ ಸಣ್ಣ ದೋಣಿಗೆ ನನ್ನ ಮೊದಲ ಆಯ್ಕೆ ಕೈಯಲ್ಲಿ ಹಿಡಿಯುವ ಮರೀನ್ ಸೆಟ್, ಅದೂ ನೀರಿನಲ್ಲಿ ತೇಲುವಂಥದ್ದು. 25 ವ್ಯಾಟಿನ ಸೆಟ್ಟನ್ನು ಹಲಗೆಗೆ ಸ್ಕ್ರೂ ಹೊಡೆದು ಕೂರಿಸಿದರೆ, ಮಗುಚಿದ ಗಳಿಗೆಯಲ್ಲಿ ಅದೂ ಬ್ಯಾಟರಿಯೂ ನೀರಿನಡಿ ಹೋಗುತ್ತವೆ. ಕೈಸೆಟ್ಟಿಗೆ 5 ಅಥವಾ 6 ವ್ಯಾಟ್, ಆದರೆ ಅದು ಮೈಮೇಲೆ ಇರುತ್ತದೆ. ಬೆಲ್ಟ್ ಕ್ಲಿಪ್ ನಂಬಬೇಡಿ, ಬಲೆ ಎಳೆಯುವಾಗ ಕಳಚಿಕೊಳ್ಳುತ್ತದೆ. ಲೈಫ್ ಜಾಕೆಟ್ಟಿಗೆ ಗಟ್ಟಿ ಹಗ್ಗದಲ್ಲಿ ಕಟ್ಟಿ.

ಇನ್ನು ಕಿಲೋಮೀಟರಿನ ಮಾತು. ವಿಎಚ್‌ಎಫ್ ಅಲೆ ಹೆಚ್ಚುಕಡಿಮೆ ನೇರ ಹೋಗುತ್ತದೆ, ಭೂಮಿಯ ಬಾಗನ್ನು ಅಷ್ಟಾಗಿ ದಾಟುವುದಿಲ್ಲ. ಆದ್ದರಿಂದ ದೂರ ನಿರ್ಧಾರವಾಗುವುದು ವ್ಯಾಟಿಗಿಂತ ಆಂಟೆನಾದ ಎತ್ತರದಿಂದ. ದೋಣಿಯಲ್ಲಿ ಕೂತು ಹಿಡಿದ ಸೆಟ್ ನೀರಿನಿಂದ ಒಂದು ಮೀಟರ್ ಮೇಲಿದೆ ಎಂದುಕೊಳ್ಳಿ, ಅದರ ಪಾಲು ಸುಮಾರು 4 ಕಿಲೋಮೀಟರ್. ಎದುರಿನವನೂ ಅಂಥದ್ದೇ ದೋಣಿಯಲ್ಲಿದ್ದರೆ ಎರಡೂ ಸೇರಿ 8. ಅವನ ಆಂಟೆನಾ 9 ಮೀಟರ್ ಎತ್ತರದಲ್ಲಿದ್ದರೆ 16ರ ಆಸುಪಾಸು. ಡಬ್ಬಿಯ ಮೇಲೆ ಅಚ್ಚಾದ ದೊಡ್ಡ ಅಂಕಿಯನ್ನು ಬಿಟ್ಟು ಈ ಲೆಕ್ಕ ಇಟ್ಟುಕೊಳ್ಳಿ. ಎಂಜಿನ್ ಕೈಕೊಟ್ಟು ದೋಣಿ ಇನ್ನೂ ತೇಲುತ್ತಿದ್ದರೆ ಎದ್ದು ನಿಂತು, ಇನ್ನೊಬ್ಬರು ಸೊಂಟ ಹಿಡಿದುಕೊಂಡಿರಲಿ, ಸೆಟ್ಟನ್ನು ನೆಟ್ಟಗೆ ಹಿಡಿದು ಮಾತಾಡಿ. ಆಂಟೆನಾ ಅಡ್ಡ ಮಲಗಿದರೆ ಶಕ್ತಿ ಪೋಲಾಗುತ್ತದೆ.

ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಆಟಿಕೆಯಂಥ ವಾಕಿಟಾಕಿ ತಂದು "ಇದ್ನೇ ಸೆಟ್ ಮಾಡಿ ಕೊಡಿ" ಎನ್ನುವವರಿದ್ದಾರೆ. ನಾನು ಮಾಡಿಕೊಡುವುದಿಲ್ಲ. ಲೈಸೆನ್ಸ್ ಬೇಡದ 446 ಮೆಗಾಹರ್ಟ್ಸ್ ಸೆಟ್ ಬೇರೆ, 156.8 ಮೆಗಾಹರ್ಟ್ಸಿನ ಚಾನೆಲ್ 16 ಬೇರೆ. ಒಂದರ ಕೂಗು ಇನ್ನೊಂದಕ್ಕೆ ಕೇಳದು.

ಅಂಗಡಿಯಲ್ಲಿ ಸೆಟ್ ಕೊಡುವ ಮುನ್ನ ಗಿರಾಕಿಯ ಕೈ ಒದ್ದೆ ಮಾಡಿಸಿ, ಕಣ್ಣು ಮುಚ್ಚಿಸಿ, 16ರ ಗುಂಡಿ ಹುಡುಕಲು ಹೇಳುತ್ತೇನೆ. ತಡಕಾಡಿದರೆ ಬೇರೆ ಮಾಡೆಲ್ ತೋರಿಸುತ್ತೇನೆ. ಸೆಟ್ಟಿನ ಮೇಲಿನ ಐಪಿಎಕ್ಸ್7 ಗುರುತು ಎಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ತಡೆಯಬೇಕು ಎಂದರ್ಥ, ಅದೂ ರಬ್ಬರ್ ಸರಿಯಿದ್ದರೆ. ರಿಪೇರಿಗೆ ಬರುವ ಸೆಟ್ಟುಗಳಲ್ಲಿ ನಾನು ಮೊದಲು ನೋಡುವುದು ಬ್ಯಾಟರಿ ಕೂರುವ ಜಾಗದ ಆ ತೆಳು ರಬ್ಬರ್ ಸುತ್ತು. ಅದರ ಮೇಲೆ ಒಂದು ಮರಳಿನ ಕಾಳು ಕೂತರೂ ನೀರಿಗೆ ದಾರಿಯಾಯಿತು. ಚಾರ್ಜಿಂಗ್ ತಗಡಿನ ಮೇಲೆ ಬಿಳಿ ಉಪ್ಪು ಕಟ್ಟಿದ್ದರೆ ರಾತ್ರಿಯಿಡೀ ಇಟ್ಟರೂ ಚಾರ್ಜ್ ಆಗದು. ದಡಕ್ಕೆ ಬಂದ ಮೇಲೆ ಸಿಹಿನೀರಲ್ಲಿ ತೊಳೆದು ಒರೆಸಿ.

ಸ್ವಲ್ಪ ಹೆಚ್ಚು ದುಡ್ಡು ಹೊಂದಿಸಬಲ್ಲವರಿಗೆ ಜಿಪಿಎಸ್ ಮತ್ತು ಡಿಎಸ್‌ಸಿ (ಗುಂಡಿ ಒತ್ತಿದರೆ ಅಪಾಯದ ಕರೆ ತಾನಾಗಿ ಕಳಿಸುವ ವ್ಯವಸ್ಥೆ) ಇರುವ ಕೈಸೆಟ್ ತೆಗೆದುಕೊಳ್ಳಿ ಎಂದೇ ಒತ್ತಾಯಿಸುತ್ತೇನೆ. ಮುಚ್ಚಳದಡಿಯ ಕೆಂಪು ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ದೋಣಿಯ ಗುರುತು, ಇರುವ ಜಾಗ ಎರಡೂ ಚಾನೆಲ್ 70ರಲ್ಲಿ ತಾನಾಗಿ ಹೋಗುತ್ತವೆ. ಬಾಯಿ ನಡುಗುವ ಹೊತ್ತಿಗೆ ಇದು ದೊಡ್ಡ ಆಸರೆ. ಆದರೆ ದೋಣಿಯ ಗುರುತಾದ ಒಂಬತ್ತು ಅಂಕಿಯ ಎಂಎಂಎಸ್‌ಐ ನಂಬರ್ ಹಾಕದಿದ್ದರೆ ಡಿಎಸ್‌ಸಿ ಇದ್ದೂ ಇಲ್ಲದ ಹಾಗೆ. ನಮ್ಮ ದೇಶದ ಬೋಟುಗಳದ್ದು 419ರಿಂದ ಶುರುವಾಗುತ್ತದೆ. ಒಮ್ಮೆ ಹಾಕಿದ ನಂಬರನ್ನು ಎಷ್ಟೋ ಸೆಟ್ಟುಗಳಲ್ಲಿ ನಾವಾಗಿ ಬದಲಿಸಲು ಬರುವುದಿಲ್ಲ, ಆದ್ದರಿಂದ ಲೈಸೆನ್ಸ್ ಪತ್ರ ಎದುರಿಗಿಟ್ಟುಕೊಂಡೇ ಹಾಕಿಸಿ.

ದೂರ ಹೋಗುವವರಿಗೆ ವಿಎಚ್‌ಎಫ್ ಒಂದೇ ಸಾಲದು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟ್ ಏಳು ಜನರೊಂದಿಗೆ ಕಾಣೆಯಾಯಿತು, ಅವಶೇಷ ಪತ್ತೆಯಾಗಿದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಕಡಲಲ್ಲಿ. ಹತ್ತಿರ ಕೇಳುವ ಕಿವಿಯೇ ಇಲ್ಲದ ಕಡೆ ಉಪಗ್ರಹಕ್ಕೆ ಸಂದೇಶ ಕಳಿಸುವ, ಇಸ್ರೋ ರೂಪಿಸಿದ ಡಾಟ್ ಎಂಬ ಅಪಾಯಸೂಚಕ ಉಪಕರಣ ಬೇಕು. ಹೊಸ ತಲೆಮಾರಿನ ಡಾಟ್‌ನಲ್ಲಿ ಸಂದೇಶ ತಲುಪಿದ ಮರುಉತ್ತರವೂ ಬರುತ್ತದೆ.

ಸೆಟ್ ಜೊತೆ ಒಂದು ಚೀಟಿ ಬರೆದು ಲ್ಯಾಮಿನೇಟ್ ಮಾಡಿ ಕೊಡುತ್ತೇನೆ: ಮೂರು ಸಲ ಮೇಡೇ (ಜೀವಾಪಾಯದ ಕರೆ), ಮೂರು ಸಲ ದೋಣಿಯ ಹೆಸರು, ಇರುವ ಜಾಗ, ಏನಾಗಿದೆ, ಎಷ್ಟು ಜನ. ಜಿಪಿಎಸ್ ಅಂಕಿ ಹೇಳಲಾಗದಿದ್ದರೆ ಯಾವ ಊರಿನ ನೇರಕ್ಕೆ, ಎಷ್ಟು ಮಾರು ನೀರಿನಲ್ಲಿ ಎಂದಾದರೂ ಹೇಳಲಿ. ಹೇಳಿದ ಮೇಲೆ ಗುಂಡಿ ಬಿಡಬೇಕು, ಒತ್ತಿಯೇ ಹಿಡಿದರೆ ಉತ್ತರ ಬಂದರೂ ಕೇಳದು.

ಇನ್ನೊಂದು ಚೀಟಿ ಮನೆಗೆ. ದೋಣಿಯ ನಂಬರ್, ಬಣ್ಣ, ಎಷ್ಟು ಜನ ಹೋಗಿದ್ದಾರೆ ಎಂಬುದರ ಕೆಳಗೆ ಕರಾವಳಿ ಕಾವಲು ಪೊಲೀಸರ 1093, ಕೋಸ್ಟ್ ಗಾರ್ಡಿನ 1554. ಬರುವ ಹೊತ್ತು ಮೀರಿದರೆ ಕತ್ತಲಾಗುವವರೆಗೆ ಕಾಯದೆ ಕರೆ ಮಾಡಿ ಎಂದು ಮನೆಯವರಿಗೆ ಹೇಳಿಯೇ ಹೊರಡಿ.