ತುಕ್ಕು ಹಿಡಿಸಿದ್ದು ಮಳೆ ಅಲ್ಲ, ಕೂಲರ್

ಬಳ್ಳಾರಿಯಲ್ಲಿ ಕೂತು ತೇವದ ಬಗ್ಗೆ ಬರೀತೀನಿ ಅಂದಾಗ ನಮ್ಮ ಅತ್ತೆಯೇ ನಕ್ಕರು. ಏಪ್ರಿಲ್‌ನಲ್ಲಿ ಮಹಡಿ ಮೇಲೆ ಒಣಹಾಕಿದ ಕಾಟನ್ ಸೀರೆ, ನಾನು ಕೆಳಗಿಳಿದು ಚಹಾ ಕುಡಿದು ಬರುವಷ್ಟರಲ್ಲಿ ಹಪ್ಪಳ ಆಗಿರುತ್ತದೆ. ಅಂಥ ಊರಿದು. ಆದರೆ ನನ್ನ ಹೊಲಿಗೆ ಮಷೀನಿನ ಬಾಬಿನ್ ಕೇಸಿಗೆ (ಕೆಳಗಿನ ದಾರದ ಉರುಳೆ ಕೂರುವ ಲೋಹದ ಗೂಡು) ತುಕ್ಕು ಹಿಡಿದದ್ದು ಅದೇ ಉರಿ ಬೇಸಿಗೆಯಲ್ಲಿ.

ನನ್ನದು ಮನೆಯ ಹಿಂದಿನ ಕೋಣೆ, ಹತ್ತಡಿಗೆ ಹತ್ತಡಿ. ಬ್ಲೌಸು, ಸೀರೆ ಫಾಲು, ಮಕ್ಕಳ ಫ್ರಾಕು, ಆಗಾಗ ಜೀನ್ಸ್ ಆಲ್ಟ್ರೇಷನ್ (ಈ ಊರಲ್ಲಿ ಜೀನ್ಸ್ ಬಿಟ್ಟು ಹೊಲಿಗೆ ಮಾತಾಡೋಕಾಗುತ್ತಾ?). ಹೋದ ಬೇಸಿಗೆಗೆ ಕೂಲರ್ ತಂದೆವು. ತಣ್ಣಗಿನ ಗಾಳಿ ಹೊರಗೆ ಹೋಗಬಾರದು ಅಂತ ಕಿಟಕಿ, ಬಾಗಿಲು ಎರಡೂ ಹಾಕಿಕೊಂಡು ಹೊಲಿಯುತ್ತಿದ್ದೆ. ಎರಡು ದಿನ ಸ್ವರ್ಗ. ಆಮೇಲೆ ಬಟ್ಟೆ ಮುಟ್ಟಿದರೆ ತಣ್ಣಗೆ, ಮೆತ್ತಗೆ. ಒಂದು ದಿನ ಗುಂಡುಪಿನ್ನು ಚುಚ್ಚಿಟ್ಟಿದ್ದ ಬಿಳಿ ಲೈನಿಂಗ್ ಬಿಚ್ಚಿ ನೋಡಿದರೆ ಪಿನ್ನಿದ್ದಲ್ಲೆಲ್ಲ ಕಂದು ಚುಕ್ಕೆ. ತುಕ್ಕಿನ ಕಲೆ ಸೋಪಿಗೆ ಹೋಗಲ್ಲ. ಆ ಲೈನಿಂಗ್ ದುಡ್ಡು ನನ್ನ ಕೈಯಿಂದಲೇ ಹೋಯಿತು, ಬಿಡಿ.

ಮಷೀನ್ ರಿಪೇರಿಗೆ ಬಂದವರು ಬಾಬಿನ್ ಕೇಸ್ ನೋಡಿದರು, ಪಕ್ಕದ ಕೂಲರ್ ನೋಡಿದರು. "ಅಕ್ಕಾ, ದಿನಾ ಮಷೀನಿಗೆ ಸ್ನಾನ ಮಾಡಿಸಕತ್ತೀರೇನು?"

ಕೂಲರ್ ಅಂದರೆ ಎಸಿ ಅಲ್ಲ. ಅದು ನೀರನ್ನು ಆವಿ ಮಾಡಿಯೇ ಗಾಳಿ ತಂಪು ಮಾಡುವುದು. ಟ್ಯಾಂಕಿನಲ್ಲಿ ಕಮ್ಮಿಯಾದ ನೀರೆಲ್ಲ ಕೋಣೆಯ ಗಾಳಿಗೆ ಸೇರಿರುತ್ತದೆ. ಕಿಟಕಿ ಹಾಕಿದರೆ ಅದೇ ಒದ್ದೆ ಗಾಳಿ ಸುತ್ತಿ ಸುತ್ತಿ ಬರುತ್ತದೆ, ಆಮೇಲೆ ತಂಪೂ ಆಗಲ್ಲ, ಬರೀ ಅಂಟಂಟು. ಇದು ನನಗೆ ಗೊತ್ತಿರಬೇಕಿತ್ತು. ಮಣ್ಣಿನ ಗಡಿಗೆ ನೀರು ಕುಡಿದೇ ಬೆಳೆದವಳು ನಾನು.

ಒಂದು ಸಣ್ಣ ಡಿಜಿಟಲ್ ತೇವಾಂಶ ಮೀಟರ್ ತರಿಸಿದೆ, ಕೆಲವೇ ನೂರು ರೂಪಾಯಿ. ಕಿಟಕಿ ಹಾಕಿ ಕೂಲರ್ ಬಿಟ್ಟರೆ ಶೇ 80 ದಾಟಿತು! ಕೂಲರಿನ ಬೆನ್ನನ್ನು ಕಿಟಕಿಗೆ ತಿರುಗಿಸಿ ಹೊರಗಿನ ಒಣ ಗಾಳಿ ಎಳೆಯುವ ಹಾಗಿಟ್ಟು, ಎದುರಿನ ಬಾಗಿಲು ತೆರೆದರೆ 55ರ ಹತ್ತಿರ ಬಂತು. ಹೊಲಿಗೆ ಕೋಣೆಗೆ 40ರಿಂದ 55 ಇದ್ದರೆ ಆರಾಮ. 60 ದಾಟಿ ಹಾಗೇ ನಿಂತರೆ ಸೂಜಿ, ಹುಕ್ಕು, ಜಿಪ್ಪಿಗೆ ತುಕ್ಕಿನ ಭಯ, 70 ದಾಟಿದರೆ ಬಟ್ಟೆಗೆ ಬೂಷ್ಟು. ಈಗ ಕೆಲಸ ಮುಗಿಸುವ ಅರ್ಧ ಗಂಟೆ ಮುಂಚೆ ಪಂಪ್ ಆಫ್ ಮಾಡಿ ಬರೀ ಫ್ಯಾನ್ ಓಡಿಸುತ್ತೇನೆ. ಕೂಲರಿನ ಒದ್ದೆ ಪ್ಯಾಡೂ ಒಣಗುತ್ತದೆ, ಕೋಣೆಯೂ ಒಣಗುತ್ತದೆ. ಮಷೀನಿಗೆ ಒಂದೆರಡು ಹನಿ ಎಣ್ಣೆ ಬಿಟ್ಟು, ಚಿಂದಿ ಬಟ್ಟೆ ಮೇಲೆ ನಾಲ್ಕು ಸಾಲು ಓಡಿಸಿ ಮುಚ್ಚುತ್ತೇನೆ. ಪ್ಲಾಸ್ಟಿಕ್ ಕವರ್ ಬೇಡ, ಹಳೇ ಪಂಚೆ ಸಾಕು.

ಹಾಗಂತ ಪೂರ್ತಿ ಒಣಗಿಸಿದರೂ ಕಷ್ಟ ಇದೆ. ಕೂಲರ್ ಇಲ್ಲದ ಮಾರ್ಚ್ ಮಧ್ಯಾಹ್ನ ಮೀಟರ್ 20ಕ್ಕೆ ಇಳಿದಾಗ ಪಾಲಿಯೆಸ್ಟರ್ ಲೈನಿಂಗ್ ಕೈಗೆ ಅಂಟಿಕೊಂಡು ಚಟಚಟ ಅನ್ನುತ್ತದೆ. ಕಾಟನ್ ಗಾಳಿಯ ತೇವ ಹೀರಿ ಇಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ಹೆಚ್ಚುಕಮ್ಮಿ ಏನೂ ಹೀರಲ್ಲ, ಅದಕ್ಕೇ ಈ ಕರೆಂಟಿನಾಟ. ಅವತ್ತು ನೆಲಕ್ಕೆ ಒಂದು ಸಲ ಒದ್ದೆ ಬಟ್ಟೆ ಹಾಕಿದರೆ ಸರಿಹೋಗುತ್ತದೆ.

ನಮ್ಮಲ್ಲಿ ಮಳೆ ಜಾಸ್ತಿ ಬರೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ಸೂಜಿ, ಹುಕ್ಕು, ಜಿಪ್ಪು ಎಲ್ಲ ಒಂದು ಬಿಗಿ ಡಬ್ಬಿಗೆ ಹೋಗುತ್ತವೆ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ನೀಲಿ ಹರಳು ಗುಲಾಬಿ ಆದರೆ ಅದು ನೀರು ಕುಡಿದು ತುಂಬಿದೆ ಅಂತ ಅರ್ಥ. ಬೀರುವಿನೊಳಗೆ ಇಡುವ, ನೀರು ಹೀರಿ ತುಂಬಿಕೊಳ್ಳುವ ಡಬ್ಬಿ ಬರುತ್ತಲ್ಲ, ಅದನ್ನು ಜರಿ ಸೀರೆ ಇರುವ ಕಡೆ ನಾನು ಇಡಲ್ಲ. ಅದರಲ್ಲಿ ಸೇರೋದು ಉಪ್ಪುನೀರು, ಉರುಳಿದರೆ ಕಥೆ ಮುಗೀತು.

ಇನ್ನೂ ಬಗೆಹರಿಯದ್ದು ಒಂದೇ, ಬೀರುವಿನ ಹಿಂದಿನ ಗೋಡೆ. ಆ ಕಡೆ ಬಚ್ಚಲು. ಬೀರನ್ನು ಗೋಡೆಯಿಂದ ನಾಲ್ಕು ಬೆರಳು ಮುಂದೆ ಎಳೆದಿಟ್ಟಿದ್ದೇನೆ. ಅತ್ತೆ ದಿನಾ ಹಿಂದಕ್ಕೆ ತಳ್ಳುತ್ತಾರೆ, ನಾನು ದಿನಾ ಮುಂದಕ್ಕೆ ಎಳೆಯುತ್ತೇನೆ.